ವಂಕಿಯೂ ಕನ್ನಡ ಗದ್ಯವೂ

ಒಂದು ಭಾಷೆಯ ಸಂಪತ್ತನ್ನು ಅಳೆಯುವಾಗ ವಿಮರ್ಶಕರು ಸಾಮಾನ್ಯವಾಗಿ ಅದರ ಕಾವ್ಯಗಳನ್ನೂ ಕಾದಂಬರಿಗಳನ್ನೂ ಎಣಿಸುವರು. ಆ ಭಾಷೆಯನ್ನಾಡುವ ಜನರ ಬಾಳಿನಲ್ಲಿ ದಿನದಿನವೂ ನಡೆಯುವ ಯಾವ ಯಾವ ಸಂಗತಿಗಳಿಗೆ ಅದರ ಗದ್ಯದಲ್ಲಿ ಎಡೆ ದೊರೆತಿಲ್ಲವೆಂಬುದನ್ನು ಎಣಿಸುವವರು ವಿರಳ. ಹೀಗೆ ಎಡೆ ಸಾಲದೆ ಹೊರಗುಳಿದ ಸಂಗತಿಗಳಲ್ಲಿ ಗರ್ಭನಿರೋಧವು ಒಂದು. ಅದರಲ್ಲಿಯೂ, ಗರ್ಭಕೋಶದೊಳಗೆ ಇರಿಸುವ ಸಾಧನವನ್ನು ಧರಿಸಿ ವರ್ಷಗಟ್ಟಲೆ ಸಂಸಾರ ನಡೆಸಿದ ಹೆಂಗಸಿನ ಅನುಭವವು ಆಸ್ಪತ್ರೆಯ ಚೀಟಿಯಲ್ಲಿಯೂ ನೆರೆಹೊರೆಯ ಪಿಸುಮಾತಿನಲ್ಲಿಯೂ ಉಳಿದಿರುವುದೇ ಹೊರತು ಬರೆಹಕ್ಕೆ ಇಳಿದಿರುವುದು ಅತ್ಯಲ್ಪ. ಈ ಮೌನವು ವೈದ್ಯರ ಲೋಪವೋ, ಸಾಹಿತಿಗಳ ಸಂಕೋಚವೋ, ಭಾಷೆಯ ಬಡತನವೋ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಬೆಂಗಳೂರಿನ ಉತ್ತರ ಭಾಗಕ್ಕಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ಯಲಹಂಕವು ನಾಡಪ್ರಭುಗಳ ಹಳೆಯ ಊರು; ಹೆಬ್ಬಾಳವು ಕೆರೆಯ ಊರು. 1950ರ ದಶಕದಲ್ಲಿ ಜಾಲಹಳ್ಳಿಯ ಬಳಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ತಲೆಯೆತ್ತಿದ ಮೇಲೆ ಹೊಲಗದ್ದೆಗಳ ನಡುವೆ ಕಾರ್ಖಾನೆಯ ಸೈರನ್ನು ಕೇಳಿಸತೊಡಗಿತು. ಈಗ ಯಶವಂತಪುರದ ಸುತ್ತ ಬೆಳಗಾಗುವ ಮೊದಲೇ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೊರಟ ಹೆಂಗಸರ ಸಾಲು ಕಾಣುವುದು, ಆರ್.ಟಿ. ನಗರದ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ದಖನಿ ಉರ್ದುಗಳು ಒಟ್ಟಿಗೆ ಕೇಳಿಬರುವುವು. ಇಂಥ ಕಡೆಯ ಹಳೆಯ ಮನೆತನವೊಂದರಲ್ಲಿ ಮೂರು ತಲೆಮಾರಿನ ಹೆಂಗಸರು ಕೂಡಿ ಕುಳಿತರೆ, ಒಂದೇ ವಿಷಯಕ್ಕೆ ಮೂರು ಹೆಸರುಗಳು ಹೊರಡುವುವು. ಅಜ್ಜಿ ‘ಲೂಪು’ ಎನ್ನುವಳು. ಅತ್ತೆ ‘ಆಪರೇಷನ್’ ಎನ್ನುವಳು. ಸೊಸೆ ‘ಕಾಪರ್ ಟಿ’ ಎನ್ನುವಳು. ಇವರಾರೂ ಬಾಯಿಬಿಟ್ಟು ಹೆಚ್ಚಾಗಿ ಆಡದ ನಾಲ್ಕನೆಯ ಹೆಸರೊಂದುಂಟು. ಅದು ಆರೋಗ್ಯ ಇಲಾಖೆಯ ಪತ್ರಗಳಲ್ಲಿ ಕಾಣುವ ‘ವಂಕಿ’.

ಈ ನಾಲ್ಕನೆಯ ಮಾತೇ ಹೆಚ್ಚು ಸ್ವಾರಸ್ಯವಾದುದು. ವಂಕಿಯೆಂದರೆ ಕನ್ನಡ ಹೆಣ್ಣುಮಕ್ಕಳು ತೋಳಿಗೆ ತೊಡುವ, ನಡುವೆ ಬಾಗಿದ ಆಭರಣ. ಮದುಮಗಳ ಅಲಂಕಾರದಲ್ಲಿ ಅದಕ್ಕೆ ಗೌರವದ ಸ್ಥಾನವುಂಟು. 1960ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲಿಪ್ಪೆಸ್ ರೂಪಿಸಿದ ಪ್ಲಾಸ್ಟಿಕ್ಕಿನ ಸಾಧನವು ಹಾವಿನಂತೆ ಬಳುಕಿ ಬಾಗಿದ್ದುದರಿಂದ ಅದಕ್ಕೆ ವಂಕಿಯೆಂಬ ಹೆಸರು ಒಪ್ಪಿತು. ಆಮೇಲೆ ತಾಮ್ರ ಸುತ್ತಿದ ‘ಟಿ’ ಆಕಾರದ ಸಾಧನ ಬಂದಿತು. ಬಾಗು ಹೋಯಿತು, ಹೆಸರು ಮಾತ್ರ ಉಳಿಯಿತು. ಹೆಸರಿಟ್ಟವರ ಚಾತುರ್ಯವನ್ನು ಮೆಚ್ಚಲೇಬೇಕು. ಭಯಪಡಿಸುವ ಪರದೇಶದ ಮಾತಿನ ಬದಲು ಮನೆಯ ಪೆಟ್ಟಿಗೆಯಲ್ಲಿರುವ ಒಡವೆಯ ಹೆಸರನ್ನು ಅವರು ಆರಿಸಿದರು. ಆದರೆ ಒಡವೆಯು ಕಾಣಿಸಿಕೊಳ್ಳುವುದಕ್ಕಾಗಿ ಇರುವುದು. ಈ ವಂಕಿಯಾದರೋ ಯಾರಿಗೂ ಕಾಣದಂತೆ ಇರಬೇಕಾದುದು. ತೋಳಿನ ವಂಕಿಯನ್ನು ಹೆಂಗಸು ತಾನೇ ತೊಟ್ಟು ತಾನೇ ತೆಗೆದಿಡುವಳು. ಇದನ್ನು ಹಾಕುವುದಕ್ಕೂ ತೆಗೆಯುವುದಕ್ಕೂ ಇನ್ನೊಬ್ಬರ ಕೈ ಬೇಕು. ಹೆಸರು ಹತ್ತಿರವಾದಷ್ಟೂ ವಸ್ತುವಿನ ನಿಜವು ದೂರವಾಯಿತು.

ಹೀಗೆ ಆಭರಣದ ಮರೆಯಲ್ಲಿ ಈ ವಿಷಯವನ್ನು ಇರಿಸಿದುದು ಇದೊಂದೇ ಸಲವಲ್ಲ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ‘ಸುರಕ್ಷಿತ ದಿನ’ಗಳ ಪದ್ಧತಿಯನ್ನು ಪರೀಕ್ಷಿಸಲು ಆರಿಸಿದ ಸ್ಥಳಗಳಲ್ಲಿ ಬೆಂಗಳೂರಿಗೆ ಸಮೀಪದ ರಾಮನಗರವು ಒಂದು, ದೆಹಲಿಯ ಲೋದಿ ಕಾಲೊನಿ ಇನ್ನೊಂದು. ದಿನವೆಣಿಸಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು. ಫಲವು ಹೇಳಿಕೊಳ್ಳುವಂತಿರಲಿಲ್ಲ. ಮುಂದೆ ನುಂಗುವ ಮಾತ್ರೆಗೆ ‘ಮಾಲಾ’ ಎಂದು ಹೆಸರಾಯಿತು. ಈಚಿನ ವರ್ಷಗಳಲ್ಲಿ ಬಂದ ವಾರದ ಮಾತ್ರೆಗೆ ‘ಛಾಯಾ’ ಎಂದೂ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ ‘ಅಂತರಾ’ ಎಂದೂ ಹೆಸರಾಯಿತು. ಮಣಿಸರ, ವಂಕಿ, ಮಾಲೆ, ನೆರಳು: ಹೆಣ್ಣಿನ ಪಾಲಿಗೆ ಬಂದುವೆಲ್ಲ ಇಂಥ ಮೃದುವಾದ ಹೆಸರುಗಳೇ. ಗಂಡಸಿನ ಸಾಧನಕ್ಕೆ 1968ರಲ್ಲಿ ಇಟ್ಟ ಹೆಸರು ‘ನಿರೋಧ್’. ತಡೆಯೆಂದರೆ ತಡೆ; ಅಲ್ಲಿ ಮುಚ್ಚುಮರೆಯಿಲ್ಲ. ಇನ್ನು ಶಸ್ತ್ರಚಿಕಿತ್ಸೆಗೆ ಕನ್ನಡದಲ್ಲಿ ರೂಢಿಯಾದ ಹೆಸರು ‘ಸಂತಾನಶಕ್ತಿಹರಣ’. ಸೀತಾಹರಣವನ್ನು ಕೇಳಿ ಬೆಳೆದ ಕಿವಿಗಳಿಗೆ ಹರಣವೆಂಬ ಮಾತು ಏನನ್ನು ನೆನಪಿಗೆ ತರುವುದೆಂಬುದನ್ನು ಆ ಮಾತನ್ನು ಕಟ್ಟಿದವರು ಆಲೋಚಿಸಿದಂತೆ ತೋರುವುದಿಲ್ಲ. ಒಂದು ಕಡೆ ಒಡವೆ, ಮತ್ತೊಂದು ಕಡೆ ಅಪಹಾರ. ಇವೆರಡರ ನಡುವೆ ನಡೆದುದನ್ನು ನಡೆದಂತೆ ಹೇಳುವ ಮಾತೊಂದು ಬೇಕಾಗಿದ್ದಿತು.

ಅಂಥ ಮಾತಿನ ಅಭಾವದಿಂದ ಆದ ನಷ್ಟವು ಬರಿಯ ಸಾಹಿತ್ಯದ ನಷ್ಟವಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಗರ್ಭನಿರೋಧದ ವಿಷಯದಲ್ಲಿ ಕನ್ನಡನಾಡು ಹಿಂದುಳಿದುದಲ್ಲ. 1930ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಈ ಕುರಿತು ಸಲಹೆ ಕೊಡುವ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲಿಯೇ ಇವು ಮೊದಲನೆಯವೆಂದು ಎಣಿಸುವರು. ಭಾರತ ಸರ್ಕಾರದ ಕುಟುಂಬ ಯೋಜನೆ ಆರಂಭವಾದುದು 1952ರಲ್ಲಿ. 1965ರಲ್ಲಿ ಲಿಪ್ಪೆಸ್ ಲೂಪನ್ನು ದೇಶವ್ಯಾಪಿಯಾಗಿ ಹಂಚಿದಾಗ ಹುಟ್ಟಿದ ಉತ್ಸಾಹವು ಅಷ್ಟಿಷ್ಟಲ್ಲ. ಶಿಬಿರಗಳು ನಡೆದುವು, ಗುರಿಗಳು ಗೊತ್ತಾದುವು. ಮೊದಲೆರಡು ವರ್ಷ ಹಾಕಿಸಿಕೊಂಡವರ ಸಂಖ್ಯೆ ಏರಿತು, ಅನಂತರ ಇಳಿಯತೊಡಗಿತು. ಕಾರಣವು ಗೂಢವಾದುದಲ್ಲ. ಮೊದಲ ತಿಂಗಳುಗಳಲ್ಲಿ ಮುಟ್ಟು ಹೆಚ್ಚಾಗಬಹುದು, ಕಿಬ್ಬೊಟ್ಟೆ ಹಿಂಡಬಹುದು, ಕೆಲವರಲ್ಲಿ ಸಾಧನವು ತಾನಾಗಿಯೇ ಹೊರಬೀಳಬಹುದು ಎಂಬುದನ್ನು ಬಹುಮಂದಿಗೆ ಮುಂದಾಗಿ ಯಾರೂ ಹೇಳಿರಲಿಲ್ಲ. ತೊಂದರೆ ಕಂಡಾಗ ಮರಳಿ ಹೋಗಿ ತೋರಿಸಲು ಶಿಬಿರವು ಅಲ್ಲಿರಲಿಲ್ಲ. ಹೇಳದೆ ಬಿಟ್ಟ ನಿಜದ ಎಡೆಯಲ್ಲಿ ವದಂತಿ ಬಂದು ಕುಳಿತಿತು. ಲೂಪು ಎದೆಗೇರುವುದೆಂದೂ ಗಂಡನಿಗೆ ಕೇಡೆಂದೂ ಮಾತು ಹಬ್ಬಿದರೆ, ಅದನ್ನು ಅಲ್ಲಗಳೆಯಲು ಗೋಡೆಯ ಮೇಲಿನ ‘ಚಿಕ್ಕ ಸಂಸಾರ, ಚೊಕ್ಕ ಸಂಸಾರ’ ಎಂಬ ಪ್ರಾಸಕ್ಕೆ ಶಕ್ತಿಯೆಲ್ಲಿಯದು? ಅಲ್ಲಗಳೆಯಬಲ್ಲುದು ಒಂದೇ: ಹಾಕಿಸಿಕೊಂಡು, ನೋವುಂಡು, ತಾಳಿ, ಉಳಿಸಿಕೊಂಡ ಅಥವಾ ತೆಗೆಸಿಕೊಂಡ ಇನ್ನೊಬ್ಬ ಹೆಂಗಸಿನ ಮಾತು. ಆ ಮಾತು ಅಚ್ಚಾಗಲಿಲ್ಲ.

ಇಂಥ ಸಂಗತಿ ಸಾಹಿತ್ಯಕ್ಕೆ ತಕ್ಕುದೇ ಎಂಬ ಆಕ್ಷೇಪಣೆ ಇಲ್ಲಿ ಏಳುವುದು ಸಹಜ. ನಮ್ಮ ಆಲಂಕಾರಿಕರು ಅಶ್ಲೀಲವೆಂಬ ದೋಷವನ್ನು ಮೂರು ವಿಧವಾಗಿ ವಿಂಗಡಿಸಿರುವರು: ನಾಚಿಕೆಯನ್ನು ಹುಟ್ಟಿಸುವುದು, ಹೇಸಿಗೆಯನ್ನು ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ವಂಕಿಯ ಮಾತು ಈ ಮೂರನ್ನೂ ಮುಟ್ಟುವುದೆಂಬುದು ದಿಟ. ಅದು ಮರೆಯ ಅಂಗದ ಮಾತು, ಮುಟ್ಟಿನ ಮಾತು, ಬಹುಪುತ್ರವತಿಯಾಗೆಂದು ಹರಸುವ ನಾಡಿನಲ್ಲಿ ಬಸಿರು ಬೇಡವೆಂಬ ಮಾತು. ಆದರೆ ಅದೇ ಆಲಂಕಾರಿಕರು ಒಂದು ಕಡೆಯ ದೋಷವು ಮತ್ತೊಂದು ಕಡೆ ಗುಣವಾಗಬಲ್ಲುದೆಂದೂ ಒಪ್ಪಿರುವರು. ವೈರಾಗ್ಯದ ಕಥೆಯಲ್ಲಿ ಜುಗುಪ್ಸೆಯ ಮಾತು ದೋಷವಲ್ಲವೆಂದು ಮಮ್ಮಟನು ಹೇಳಿರುವನು. ಕ್ಷೇಮೇಂದ್ರನು ಕಾವ್ಯದ ಜೀವವೆಂದು ಕರೆದುದು ಔಚಿತ್ಯವನ್ನು. ಮದುವೆಯ ಚಪ್ಪರದಲ್ಲಿ ಆಡಬಾರದ ಮಾತನ್ನು ಬಾಣಂತಿಯ ಕೋಣೆಯಲ್ಲಿ ಆಡದಿದ್ದರೆ ಅದೇ ಅನುಚಿತ. ಕನ್ನಡದ ಹೆಣ್ಣುಮಕ್ಕಳು ಬೀಸುವಾಗಲೂ ಕುಟ್ಟುವಾಗಲೂ ಹಾಡಿಕೊಂಡ ಪದಗಳಲ್ಲಿ ಬಸುರಿಯ ಬಯಕೆಯುಂಟು, ಹೆರಿಗೆಯ ಬೇನೆಯುಂಟು, ಬಂಜೆಯೆಂಬ ಹೆಸರು ಹೊತ್ತವಳ ಕಣ್ಣೀರುಂಟು. ದೇಹದ ಮಾತು ಹಾಡಿಗೆ ಒಗ್ಗಿದ ಮೇಲೆ ಗದ್ಯಕ್ಕೆ ಒಗ್ಗದೆಂಬುದು ಯಾವ ನ್ಯಾಯ?

ನೆರೆಯ ಮರಾಠಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿಯೇ ಮುಂಬಯಿಯಲ್ಲಿ ಗರ್ಭನಿರೋಧದ ಚಿಕಿತ್ಸಾಲಯವನ್ನು ತೆರೆದು, 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೂ ‘ಸಮಾಜ ಸ್ವಾಸ್ಥ್ಯ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು, ಮೊಕದ್ದಮೆಗಳನ್ನೂ ಎದುರಿಸಿದರು. ಮೈಸೂರಿನಲ್ಲಿ ಕೆಲಸವನ್ನು ಸರ್ಕಾರವೇ ಕೈಗೊಂಡುದರಿಂದ ಜಗಳಕ್ಕೆ ಎಡೆಯಾಗಲಿಲ್ಲ. ಜಗಳವಿಲ್ಲದುದರಿಂದ ಮಾತೂ ಬೆಳೆಯಲಿಲ್ಲವೆಂದು ತೋರುವುದು. ಆಜ್ಞೆಯಿಂದ ಬಂದುದು ಆಜ್ಞೆಯ ಭಾಷೆಯಲ್ಲಿಯೇ ಉಳಿಯಿತು.

ಕನ್ನಡ ಕಾದಂಬರಿಯು ಈ ಬಾಗಿಲಿನವರೆಗೆ ಬಂದುದುಂಟು. ತ್ರಿವೇಣಿಯವರು ‘ಶರಪಂಜರ’ದಲ್ಲಿ ಬಾಣಂತಿಯ ಬುದ್ಧಿಭ್ರಮಣೆಯನ್ನು ಕಥಾವಸ್ತುವಾಗಿ ಎತ್ತಿಕೊಂಡರು. ಹೆರಿಗೆಯೆಂಬುದು ತೊಟ್ಟಿಲ ಹಾಡಿನಲ್ಲಿಯೇ ಮುಗಿಯುವ ಮಂಗಳವಲ್ಲ, ಅದು ಹೆಣ್ಣಿನ ಮನಸ್ಸನ್ನು ಮುರಿಯಲೂ ಬಲ್ಲುದೆಂಬುದನ್ನು ಮನೆಮನೆಯ ವಾಚಕರಿಗೆ ತಿಳಿಸಿದ ಕೃತಿ ಅದು. ಆ ಲೇಖಕಿಯೇ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅನುಪಮಾ ನಿರಂಜನರು ವೈದ್ಯರೂ ಕಾದಂಬರಿಕಾರರೂ ಆಗಿದ್ದವರು. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ಗಳಂಥ ಪುಸ್ತಕಗಳಿಂದ ಅವರು ಸಂಕೋಚದ ಕದವನ್ನು ತೆರೆದ ಉಪಕಾರವನ್ನು ಕನ್ನಡ ಕುಟುಂಬಗಳು ಮರೆಯಲಾರವು, ಮದುವೆಯ ಉಡುಗೊರೆಯಾಗಿ ಕೊಡಬಹುದಾದ ಶರೀರಶಾಸ್ತ್ರವನ್ನು ಅವರು ಕನ್ನಡಕ್ಕೆ ಕೊಟ್ಟರು. ಅವರೇ ‘ಮಾಧವಿ’ ಕಾದಂಬರಿಯಲ್ಲಿ, ಕುದುರೆಗಳಿಗಾಗಿ ರಾಜರಿಂದ ರಾಜರಿಗೆ ಸಾಗಿ ಮಕ್ಕಳನ್ನು ಹೆತ್ತುಕೊಡಬೇಕಾದ ಮಹಾಭಾರತದ ಹೆಣ್ಣಿನ ಕಥೆಯನ್ನು ಎತ್ತಿಕೊಂಡು, ಗರ್ಭದ ಮೇಲೆ ಪರರ ಒಡೆತನವೆಂಬುದರ ಕ್ರೌರ್ಯವನ್ನು ತೋರಿಸಿದರು.

ಆದರೆ ಇಲ್ಲಿಯೂ ಕೆಲಸವು ಎರಡಾಗಿ ಹಂಚಿಹೋಯಿತು. ಕೈಪಿಡಿಯು ತಿಳಿವಳಿಕೆಯನ್ನು ಕೊಟ್ಟಿತು. ಕಾದಂಬರಿಯು ವೇದನೆಯನ್ನು ಕೊಟ್ಟಿತು. ಕೈಪಿಡಿಯಲ್ಲಿ ಮಾತನಾಡುವವರು ವೈದ್ಯರು, ಕೇಳುವವಳು ಹೆಂಗಸು. ಕಾದಂಬರಿಯಲ್ಲಿ ನೋಯುವವಳು ಹೆಂಗಸು. ಅವಳ ನೋವು ಪುರಾಣದ ಎತ್ತರಕ್ಕೋ ಹುಚ್ಚಿನ ಆಳಕ್ಕೋ ಹೋದಾಗ ಮಾತ್ರ ಕಥೆಗೆ ಅರ್ಹವಾಗುವುದು. ಹುಚ್ಚೂ ಹಿಡಿಯದೆ, ರಾಜರ ಪಾಲೂ ಆಗದೆ, ಎರಡನೆಯ ಮಗುವಿಗೆ ಇನ್ನು ಮೂರು ವರ್ಷ ಬಿಡುವಿರಲೆಂದು ಒಂದು ಬುಧವಾರ ಆಸ್ಪತ್ರೆಯ ಸಾಲಿನಲ್ಲಿ ನಿಂತವಳ ಸಾಧಾರಣವಾದ ಧೈರ್ಯಕ್ಕೆ ಈ ಎರಡರಲ್ಲಿಯೂ ಜಾಗ ಸಾಲಲಿಲ್ಲ.

ಹಾಗಾದರೆ ಭಾಷೆಯೇ ಬಡವಾಗಿದೆಯೆ? ಯಲಹಂಕದಿಂದ ಯಶವಂತಪುರದವರೆಗೆ ಹೆಂಗಸರು ತಮ್ಮೊಳಗೆ ಆಡುವ ಮಾತನ್ನು ಗಮನಿಸಿದವರು ಇಲ್ಲವೆಂದೇ ಹೇಳಬೇಕಾಗುವುದು. ಭಾಷೆಯ ಸೂಕ್ಷ್ಮವಿರುವುದು ನಾಮಪದಗಳಲ್ಲಿ ಅಲ್ಲ, ಕ್ರಿಯಾಪದಗಳಲ್ಲಿ. ‘ಹಾಕಿಸಿಕೊಂಡೆ’ ಎಂದು ಒಬ್ಬಳು ಹೇಳುವಳು. ಆ ಒಂದು ಪದದಲ್ಲಿ ಅವಳ ಇಚ್ಛೆಯೂ ಇನ್ನೊಬ್ಬರ ಕೈಯೂ ಫಲವನ್ನು ಅನುಭವಿಸುವ ಅವಳ ದೇಹವೂ ಒಟ್ಟಿಗೆ ಅಡಗಿರುವುವು. ‘ಹಾಕಿಸಿದರು’ ಎಂದು ಇನ್ನೊಬ್ಬಳು ಹೇಳುವಳು. ಅಲ್ಲಿ ಗಂಡನೋ ಅತ್ತೆಯೋ ತೀರ್ಮಾನಿಸಿದರೆಂದು ತಿಳಿಯುವುದು. ‘ಹಾಕಿಬಿಟ್ಟರು’ ಎಂದು ಮೂರನೆಯವಳು ಹೇಳುವಳು. ಹೆರಿಗೆಯ ಬೇನೆಯ ನಡುವೆ ಕೇಳಿದರೋ ಇಲ್ಲವೋ, ತಾನು ಹೂಂ ಎಂದೆನೋ ಇಲ್ಲವೋ ಎಂಬ ಗೊಂದಲವೆಲ್ಲ ಆ ‘ಬಿಟ್ಟರು’ವಿನಲ್ಲಿ ಉಂಟು. ಈ ಮೂರು ಕ್ರಿಯಾಪದಗಳ ನಡುವೆ ಇರುವ ಅಂತರವೇ ಒಂದು ಕಾದಂಬರಿಗೆ ಸಾಲುವಷ್ಟು ವಸ್ತು. ಆಸ್ಪತ್ರೆಯ ಕಡತದಲ್ಲಿಯಾದರೋ ಮೂವರಿಗೂ ಒಂದೇ ವಾಕ್ಯ: ‘ವಂಕಿ ಅಳವಡಿಸಲಾಯಿತು.’ ಕರ್ಮಣಿಪ್ರಯೋಗವು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದುದೆಂಬುದು ಹಳೆಯ ಮಾತು. ಇಲ್ಲಿ ಅದು ವ್ಯಾಕರಣದ ವಿಷಯವಾಗಿ ಉಳಿಯದೆ ನೀತಿಯ ವಿಷಯವಾಗಿರುವುದು. ಆ ವಾಕ್ಯದಲ್ಲಿ ಹಾಕಿದವರೂ ಇಲ್ಲ, ಹಾಕಿಸಿಕೊಂಡವಳೂ ಇಲ್ಲ.

ಕಡತವನ್ನು ಬದಿಗಿಟ್ಟು ಮಾತಿಗೆ ಕಿವಿಗೊಟ್ಟರೆ ದೊರೆಯುವ ಅನುಭವವು ಒಂದೇ ಬಗೆಯದಲ್ಲ. ಒಬ್ಬಳಿಗೆ ಹಾಕುವ ಗಳಿಗೆಯಲ್ಲಿ ಕಣ್ಣು ಕತ್ತಲೆಗೂಡುವಂಥ ಹಿಂಡು ನೋವು. ಇನ್ನೊಬ್ಬಳಿಗೆ ಇರುವೆ ಕಡಿದಷ್ಟು. ಒಬ್ಬಳು ಮೂರು ತಿಂಗಳು ಹೆಚ್ಚಿದ ಮುಟ್ಟನ್ನು ಸಹಿಸಿ, ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಕುಳಿತಿರುವ ಕೆಲಸದಲ್ಲಿ ಎದ್ದುಹೋಗಲು ಮೇಲ್ವಿಚಾರಕನ ಅಪ್ಪಣೆ ಬೇಡುವುದು ಬೇಸರವಾಗಿ, ನಾಲ್ಕನೆಯ ತಿಂಗಳು ತೆಗೆಸಿಕೊಂಡಳು. ಅವಳನ್ನು ಹೇಡಿಯೆನ್ನುವ ಹಕ್ಕು ಯಾರಿಗೂ ಇಲ್ಲ. ಇನ್ನೊಬ್ಬಳು ಅದೇ ಮೂರು ತಿಂಗಳನ್ನು ದಾಟಿ, ಆಮೇಲೆ ಅದು ಇರುವುದನ್ನೇ ಮರೆತಳು. ತೆಗೆಸುವ ವರ್ಷ ಬಂದಾಗ ಮಗ ಹೈಸ್ಕೂಲಿಗೆ ಸೇರಿದ್ದನು. ಒಬ್ಬಳಿಗೆ ದಾರವು ತಗಲುವುದೇ ಇಲ್ಲವೇ ಎಂಬ ಸಂದೇಹ. ಒಬ್ಬಳಿಗೆ ‘ಇನ್ನೂ ಏನೂ ವಿಶೇಷವಿಲ್ಲವೇ’ ಎಂದು ಕೇಳುವ ಅತ್ತೆಯ ಮುಂದೆ ತಲೆತಗ್ಗಿಸಿ ನಿಲ್ಲುವ ಕಷ್ಟ. ಮತ್ತೊಬ್ಬಳಿಗೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ತಿಂಗಳ ಲೆಕ್ಕವಿಲ್ಲದೆ ನಿದ್ದೆ ಬಂದ ಸುಖ. ಈ ಕೊನೆಯ ಸುಖವನ್ನು ಕುರಿತು ಗೋಡೆಬರಹವೂ ಮಾತನಾಡಿಲ್ಲ, ಕಾದಂಬರಿಯೂ ಮಾತನಾಡಿದುದು ಕಡಮೆ.

ಇಂಥ ಬರೆಹಕ್ಕೆ ತಿಳಿವಳಿಕೆಯ ಕಟ್ಟು ಬೇಕೆಂಬುದರಲ್ಲಿ ಸಂದೇಹವಿಲ್ಲ. ಅನುಭವವೊಂದೇ ಪ್ರಮಾಣವಾದರೆ ಒಬ್ಬಳ ಕೇಡು ಎಲ್ಲರ ಭಯವಾಗುವುದು. ತಾಮ್ರದ ವಂಕಿಯು ಮುಖ್ಯವಾಗಿ ಪುರುಷಬೀಜವನ್ನು ಕುಂದಿಸಿ ಗರ್ಭವು ಕಟ್ಟದಂತೆ ತಡೆಯುವುದೇ ಹೊರತು ಕಟ್ಟಿದ ಗರ್ಭವನ್ನು ಕೆಡಹುವ ಸಾಧನವಲ್ಲ. ನೂರು ಮಂದಿ ಒಂದು ವರ್ಷ ಧರಿಸಿದರೆ ಬಸಿರಾಗುವವರು ಒಬ್ಬರಿಗಿಂತಲೂ ಕಡಮೆ. ಒಂದು ಬಗೆಯದು 5 ವರ್ಷವೂ ಮತ್ತೊಂದು ಬಗೆಯದು 10 ವರ್ಷವೂ ನಡೆಯುವುದು. ತೆಗೆಸಿದೊಡನೆ ಬಸಿರಾಗುವ ಶಕ್ತಿಯು ಮರಳುವುದು. ರೋಗದ ಸೋಂಕನ್ನು ಅದು ತಡೆಯಲಾರದು. ಮಿತಿಮೀರಿದ ರಕ್ತಸ್ರಾವ, ಜ್ವರ, ಬಿಡದ ಹೊಟ್ಟೆನೋವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇಷ್ಟನ್ನು ತಿಳಿದ ಲೇಖಕನಿಗೆ ವಂಕಿಯನ್ನು ಹೊಗಳುವ ಅಗತ್ಯವೂ ಇಲ್ಲ, ತೆಗಳುವ ಅಗತ್ಯವೂ ಇಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿಯೇ ಡಾಲ್ಕನ್ ಶೀಲ್ಡ್ ಎಂಬ ಸಾಧನವು ಸಾವಿರಾರು ಹೆಂಗಸರಿಗೆ ಹಾನಿಮಾಡಿ ನ್ಯಾಯಾಲಯಗಳ ಮೆಟ್ಟಿಲೇರಿತು. ಅದರ ದೋಷವು ಹೊರಬಿದ್ದುದರಲ್ಲಿ ಹೆಂಗಸರು ಬಾಯಿಬಿಟ್ಟು ಹೇಳಿಕೊಂಡುದರ ಪಾಲು ಸಣ್ಣದಲ್ಲ. ಮಾತು ಒಳ್ಳೆಯ ಸಾಧನಕ್ಕೆ ಶತ್ರುವಲ್ಲ; ಕೆಟ್ಟ ಸಾಧನಕ್ಕೆ ಮಾತ್ರ ಶತ್ರು.

ಮಾತಿನ ಅಭಾವದ ಬೆಲೆಯನ್ನು ಅಂಕಿಗಳಲ್ಲಿಯೂ ಕಾಣಬಹುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಎಂದರೆ ನೂರಕ್ಕೆ ಸುಮಾರು 57 ಮಂದಿ, ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು. ವಂಕಿಯವರು ಬೆರಳೆಣಿಕೆಯಷ್ಟು, ಭಾರತದಾದ್ಯಂತ ನೋಡಿದರೆ ನೂರಕ್ಕೆ ಇಬ್ಬರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸರು ನೂರಕ್ಕೆ ಒಬ್ಬರೂ ಇಲ್ಲ. ಮೂವತ್ತು ತುಂಬುವ ಮೊದಲೇ ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಆದರೆ, ಹೆಂಡತಿಗೆ ಆಪರೇಷನ್ ಆಗುವುದು ನಮ್ಮ ನಾಡಿನ ಸಾಧಾರಣ ಕ್ರಮ. ಅದು ಅವಳ ಆಯ್ಕೆಯಾಗಿದ್ದರೆ ಯಾರೂ ಅಡ್ಡಬರತಕ್ಕುದಲ್ಲ. ಆದರೆ ಮರಳಿ ಮನಸ್ಸು ಬದಲಿಸಲು ಎಡೆಯಿರುವ ಇನ್ನೊಂದು ದಾರಿಯುಂಟೆಂಬುದನ್ನೂ, ಆ ದಾರಿಯ ಕಲ್ಲುಮುಳ್ಳುಗಳಾವುವೆಂಬುದನ್ನೂ, ಅದರಲ್ಲಿ ನಡೆದವಳ ಬಾಯಿಂದ ಕೇಳದೆ ಮಾಡಿದ ಆಯ್ಕೆಯು ಪೂರ್ಣವಾದ ಆಯ್ಕೆಯಲ್ಲ. ಅಂಥ ಬಾಯಿಗೆ ಅಕ್ಷರವನ್ನು ಒದಗಿಸುವುದು ವೈದ್ಯರಿಂದ ಆಗತಕ್ಕ ಕೆಲಸವಲ್ಲ. ಅದು ಗದ್ಯ ಬರೆಯುವವರ ಕೆಲಸ.

ಇದಕ್ಕಾಗಿ ಹೊಸ ಪರಿಭಾಷೆಯನ್ನು ಟಂಕಿಸಬೇಕಾದುದಿಲ್ಲ. ಇನ್ನೊಂದು ಒಡವೆಯ ಹೆಸರನ್ನು ಹುಡುಕಬೇಕಾದುದಂತೂ ಇಲ್ಲ. ಹೆಬ್ಬಾಳದ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಹೆಂಗಸರು ದನಿ ತಗ್ಗಿಸಿ ಆಡುವ ಮಾತಿನಲ್ಲಿ ಬೇಕಾದ ಪದಗಳೆಲ್ಲ ಇರುವುವು. ಆ ದನಿಯನ್ನು ತಗ್ಗಿಸದೆ, ಏರಿಸದೆ, ಇದ್ದಂತೆ ಕಾಗದಕ್ಕೆ ಇಳಿಸಬಲ್ಲ ಲೇಖಕಿಯೊಬ್ಬಳು ಕಥೆಯ ಮೊದಲ ವಾಕ್ಯವನ್ನು ‘ಹಾಕಿಸಿಕೊಂಡೆ’ ಎಂಬ ಕ್ರಿಯಾಪದದಿಂದ ಮುಗಿಸಿದರೆ, 1965ರಿಂದ ಕಡತದಲ್ಲಿ ಬಿಟ್ಟುಹೋಗಿರುವ ಕರ್ತೃಪದವು ತಾನಾಗಿಯೇ ವಾಕ್ಯಕ್ಕೆ ಮರಳುವುದು.